ಹೋಗಬೇಡವೆಂದು ಕರೆಯುವ ಹೆಸರುಗಳು

ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರಲ್ಲಿ ‘ಅಬಿಕು’ ಎಂಬ ಮಾತುಂಟು. ಸಾಯಲೆಂದೇ ಹುಟ್ಟಿದ್ದು ಎಂದು ಅದರ ಅರ್ಥ. ಒಬ್ಬ ತಾಯಿಗೆ ಒಂದರ ಹಿಂದೊಂದರಂತೆ ಕೂಸುಗಳು ಹುಟ್ಟಿ ಕಣ್ಮುಚ್ಚಿದರೆ, ಅವು ಬೇರೆ ಬೇರೆ ಮಕ್ಕಳಲ್ಲ, ಒಂದೇ ಜೀವ ಬಂದು ಬಂದು ಹೋಗುತ್ತಿದೆ ಎಂಬುದು ಅಲ್ಲಿನ ನಂಬಿಕೆ. ಆಚೆಯ ಲೋಕದಲ್ಲಿ ಅದಕ್ಕೊಂದು ಗೆಳೆಯರ ಬಳಗವಿದೆ. ಬೇಗ ಹಿಂತಿರುಗುವೆನೆಂದು ಮಾತು ಕೊಟ್ಟೇ ಅದು ಇತ್ತ ಬರುತ್ತದೆಯಂತೆ.

ಅದನ್ನು ತಡೆಯಲು ಹೆತ್ತವರು ಮಾಡುತ್ತಿದ್ದ ಉಪಾಯಗಳಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಹೆಸರಿಡುವ ಪದ್ಧತಿ. ‘ಮಲೊಮೊ’ ಎಂದರೆ ಇನ್ನು ಹೋಗಬೇಡ. ‘ದುರೊಜಾಯೆ’ ಎಂದರೆ ನಿಂತು ಬಾಳಿನ ಸುಖವನ್ನು ಉಣ್ಣು. ‘ದುರೊಸಿನ್ಮಿ’ ಎಂದರೆ ನನ್ನನ್ನು ಮಣ್ಣು ಮಾಡುವವರೆಗಾದರೂ ಇರು. ‘ಕೊಸೊಕೊ’ ಎಂದರೆ ಗುದ್ದಲಿಯಿಲ್ಲ. ನಿನಗೆ ಕುಳಿ ತೋಡಲು ಮನೆಯಲ್ಲಿ ಗುದ್ದಲಿಯೇ ಇಲ್ಲ, ಹೇಗೆ ಸಾಯುತ್ತೀಯೆ ನೋಡೋಣ! (1845ರಲ್ಲಿ ಲಾಗೋಸಿನ ಪಟ್ಟವೇರಿದ ಅರಸನ ಹೆಸರೂ ಕೊಸೊಕೊ ಎಂದೇ.) ಮಕ್ಕಳುಳಿಯದ ನಮ್ಮ ಮನೆಗಳಲ್ಲಿಯೂ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರಷ್ಟೆ. ನಾವು ಮಗುವನ್ನು ಕಸವೆಂದು ತೋರಿಸಿ ಸಾವನ್ನು ವಂಚಿಸಿದೆವು. ಯೊರುಬಾ ತಾಯಿ ನೇರವಾಗಿ ಮಗುವಿನೊಡನೆಯೇ ವಾದಕ್ಕಿಳಿದಳು.

ಆದರೆ ಈ ನಂಬಿಕೆಗೊಂದು ಕ್ರೂರ ಮುಖವೂ ಇತ್ತು. ಸತ್ತ ಕೂಸಿನ ದೇಹವನ್ನು ಕೊಯ್ದು ಗುರುತು ಮಾಡುತ್ತಿದ್ದರು: ಬಳಗದವರು ಹೇಸಿ ದೂರವಿಡಲಿ, ಮತ್ತೆ ಹುಟ್ಟಿದರೆ ಗುರುತು ಸಿಗಲಿ ಎಂದು. ಬದುಕಿದ್ದ ಮಗುವಿನ ಮೈಮೇಲೂ ಕತ್ತಿ ಆಡಿದ್ದುಂಟು. ಮಗುವಿನ ನರಳಾಟ ರೋಗವಾಗಿ ಕಾಣಲಿಲ್ಲ, ಹಟವಾಗಿ ಕಂಡಿತು.

1910ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಕುಡುಗೋಲಿನಾಕಾರದ ರಕ್ತಕಣಗಳನ್ನು ವೈದ್ಯಲೋಕದ ಗಮನಕ್ಕೆ ತಂದರು. ನೈಜೀರಿಯಾದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಈ ರೋಗದ ಬೀಜವನ್ನು ಹೊತ್ತಿರುತ್ತಾರೆ. ತಂದೆತಾಯಿಗಳಿಬ್ಬರೂ ಹೊತ್ತವರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಂದೇ ಮನೆಯ ಬಾಗಿಲಿಗೆ ಸಾವು ಮತ್ತೆ ಮತ್ತೆ ಬಂದುದಕ್ಕೆ ಇದೂ ಒಂದು ಕಾರಣವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮಲೇರಿಯಾ, ದಡಾರಗಳ ಪಾಲೂ ಇದ್ದೇ ಇತ್ತು.

ಇಷ್ಟು ತಿಳಿದ ಮೇಲೆ ಎಲ್ಲವನ್ನೂ ಮೌಢ್ಯವೆಂದು ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುವವರೊಡನೆ ನನಗೆ ಸಮ್ಮತಿಯಿಲ್ಲ. ಮಗುವಿನ ಮೇಲಿನ ಆರೋಪ ಹೋಗಬೇಕು, ಕತ್ತಿ ಹೋಗಬೇಕು, ಹುಟ್ಟಿದ ಕೂಸಿನ ರಕ್ತವನ್ನು ಪರೀಕ್ಷಿಸಿ ಪೆನಿಸಿಲಿನ್, ಲಸಿಕೆಗಳನ್ನು ಕೊಡುವ ಏರ್ಪಾಡು ಎಲ್ಲೆಡೆ ಬರಬೇಕು. ಹೆಸರುಗಳು ಏಕೆ ಹೋಗಬೇಕು? ದುರೊಜಾಯೆ, ಮಲೊಮೊ, ಕೊಸೊಕೊ ಇಂದು ಮನೆತನದ ಹೆಸರುಗಳಾಗಿ ಉಳಿದಿವೆ. ಎಂದೋ ನಿಲ್ಲೆಂದು ಬೇಡಿಸಿಕೊಂಡವರ ಮೊಮ್ಮಕ್ಕಳು ಅವನ್ನು ಹೊತ್ತು ಶಾಲೆಗೆ ಹೋಗುತ್ತಾರೆ, ಹಾಜರಿ ಕೂಗಿದಾಗ ಓಗೊಡುತ್ತಾರೆ.