ಅಪ್ಪನ ಮನೆಯ ಅನ್ನ ಯಾರ ಲೆಕ್ಕಕ್ಕೆ?

"ಅಪ್ಪ ಅಮ್ಮನ ಜೊತೆ ಇದ್ದೀರಲ್ಲ, ಬಾಡಿಗೆ ಇಲ್ಲ, ಊಟಕ್ಕೆ ಖರ್ಚಿಲ್ಲ. ಬರೋ ಸಂಬಳ ಪೂರ್ತಿ ಸಾಲಕ್ಕೆ ಕಟ್ಟಿ, ಎರಡು ವರ್ಷದಲ್ಲಿ ಎಲ್ಲ ಕ್ಲಿಯರ್!" ಸಾಲದಲ್ಲಿ ಮುಳುಗಿದವರಿಗೆ ಮೊಬೈಲಿನೊಳಗಿಂದ ಬುದ್ಧಿ ಹೇಳುವವರ ಬಾಯಲ್ಲಿ ಈ ಮಾತು ಈಗ ಬಲು ಸಲೀಸು. ವಸೂಲಿಗೆ ಫೋನು ಮಾಡುವವರು ಹೇಳುವುದೂ ಇದನ್ನೇ, ದನಿ ಮಾತ್ರ ಬೇರೆ. ಬಾಡಿಗೆ ಇಲ್ಲ, ಒಪ್ಪಿದೆ. ಊಟಕ್ಕೆ ಖರ್ಚಿಲ್ಲ ಎಂದರೆ ಅಕ್ಕಿ ಎಲ್ಲಿಂದ ಬಂತು ಎಂದು ಇವರಲ್ಲಿ ಯಾರೂ ಕೇಳುವುದಿಲ್ಲ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಮುಚ್ಚಿಯೋ, ಕೆಲಸ ಹೋಗಿಯೋ, ಕ್ರೆಡಿಟ್ ಕಾರ್ಡಿನ ಬಡ್ಡಿ ಬೆಳೆದೋ ಕೈಯೆತ್ತಿದ ಮಗ ಹೆತ್ತವರ ಮನೆಗೆ ಮರಳಿದರೆ, ಅವನ ತಿಂಗಳ ಲೆಕ್ಕದ ಮೊದಲ ಸಾಲಿನಲ್ಲಿ ಇರಬೇಕಾದದ್ದು ಆ ಮನೆಯ ಖರ್ಚಿನಲ್ಲಿ ಅವನ ಪಾಲು. ಸಾಲದ ಕಂತು ಅದರ ಕೆಳಗೆ. ಪಾಲು ಚಿಕ್ಕದಿದ್ದರೆ ಅಡ್ಡಿಯಿಲ್ಲ, ಸೊನ್ನೆ ಇರಕೂಡದು. ಸೊನ್ನೆ ಬರೆದನೆಂದರೆ ಅಪ್ಪನನ್ನು ಕೇಳದೆ, ಅವರ ಸಹಿಯಿಲ್ಲದೆ, ಅವರನ್ನು ತನ್ನ ಸಾಲಕ್ಕೆ ಜಾಮೀನು ಮಾಡಿದ ಹಾಗೆ.

ಒಂದು ಕರೆಂಟು ಬಿಲ್ಲನ್ನೇ ನೋಡಿ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತ ಎಂದು ಜನ ಹೇಳುತ್ತಾರೆ. ಹಾಗೆ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ಆ ಮನೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇಕಡಾ 10 (ತೀರ ಕಡಿಮೆ ಉರಿಸುವ ಮನೆಗೆ 10 ಯೂನಿಟ್) ಸೇರಿಸಿ ಮನೆಮನೆಗೂ ಒಂದು ಮಿತಿ ಹಾಕಿದ್ದಾರೆ. ವಯಸ್ಸಾದ ಇಬ್ಬರೇ ಇದ್ದು 90 ಯೂನಿಟ್ ಉರಿಸುತ್ತಿದ್ದ ಮನೆಗೆ 99 ಯೂನಿಟ್ ಪುಕ್ಕಟೆ. ಬಿಲ್ಲು ಬಂದರೂ ಕಟ್ಟಬೇಕಾದ ಮೊತ್ತ ಸೊನ್ನೆ. ಈಗ ಮಗ ಬಂದ. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪು, ರಾತ್ರಿಯೆಲ್ಲ ಫ್ಯಾನು, ಎರಡು ಮೊಬೈಲು, ಬೆಳಿಗ್ಗೆ ಗೀಸರು. ಮೀಟರು 150 ತೋರಿಸಿದರೆ ಮೇಲಿನ 51 ಯೂನಿಟ್‌ಗೆ ದುಡ್ಡು. ಬೇಸಿಗೆಯಲ್ಲಿ ಅದು 205 ಮುಟ್ಟಿತೋ, ಉಚಿತದ ಮಾತೇ ಇಲ್ಲ, ಇಡೀ ಬಿಲ್ಲು ಕಟ್ಟಬೇಕು. "ಖರ್ಚಿಲ್ಲದೆ" ಬಂದು ಸೇರಿದ ಮಗ ಆ ಮನೆಗೆ ಸರ್ಕಾರ ಕೊಡುತ್ತಿದ್ದ ಸವಲತ್ತನ್ನೂ ಕಳೆದ. ಅಪ್ಪ ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಬಿಲ್ಲನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಹಜಾರದ ದೀಪ ಆರಿಸಿ, ಹೊರಗೆ ಜಗಲಿಯ ಮೇಲೆ ಹೋಗಿ ಕೂರುತ್ತಾರೆ. ಒಂದೂವರೆ ತಿಂಗಳು ಬರುತ್ತಿದ್ದ ಗ್ಯಾಸ್ ಸಿಲಿಂಡರು ತಿಂಗಳಿಗೇ ಮುಗಿಯುತ್ತದೆ, ಅರ್ಧ ಲೀಟರ್ ಹಾಲು ಒಂದಾಗುತ್ತದೆ. ಇದೆಲ್ಲ ಹೋಗುವುದು ಪಿಂಚಣಿಯಿಂದ. ಖಾಸಗಿ ಕಂಪನಿಯಲ್ಲಿ ದುಡಿದು ಪಿಎಫ್ ಪಿಂಚಣಿ ಪಡೆಯುವವರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ಎಷ್ಟು ಗೊತ್ತೇ? ತಿಂಗಳಿಗೆ 1,000 ರೂಪಾಯಿ.

ಕಾನೂನು ಈ ವಿಷಯದಲ್ಲಿ ನಮ್ಮ ಉಪದೇಶಕರಿಗಿಂತ ಹೆಚ್ಚು ಮನುಷ್ಯತ್ವ ತೋರಿಸಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ನೋಡಿ. ಕೋರ್ಟು ಡಿಕ್ರಿ ಕೊಟ್ಟರೂ ಸಾಲಗಾರನ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕಸುಬಿನ ಸಲಕರಣೆ, ಹೆಂಡತಿಯ ತಾಳಿ ಇವನ್ನು ಜಪ್ತಿ ಮಾಡುವಂತಿಲ್ಲ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ತಿಂಗಳಿಗೆ 25,000 ಸಂಬಳವಿದ್ದರೆ 17,000 ಅವನ ಕೈಯಲ್ಲೇ ಉಳಿಯುತ್ತದೆ, ಸಾಲಿಗನಿಗೆ ಸಿಗುವುದು 8,000. ಈ ಲೆಕ್ಕ ಹಾಕುವಾಗ ನೀನು ಬಾಡಿಗೆ ಮನೆಯಲ್ಲಿದ್ದೀಯೋ ಅಪ್ಪನ ಮನೆಯಲ್ಲಿದ್ದೀಯೋ ಎಂದು ಆ ಕಲಮು ಕೇಳುವುದೇ ಇಲ್ಲ. ದುಡಿಯುವವನು ಉಣ್ಣಬೇಕು, ಉಂಡದ್ದಕ್ಕೆ ಯಾರಾದರೂ ತೆರಬೇಕು ಎಂಬುದು ಅದಕ್ಕೆ ಗೊತ್ತು.

ಆದರೆ ನಮ್ಮಲ್ಲಿ ಕೈಯೆತ್ತಿದವರಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆ. "ಪಾಪರ್ ಆದ" ಎಂದು ಊರೇ ತೀರ್ಮಾನಿಸುತ್ತದೆ, ಅಷ್ಟೆ. ಬೆಂಗಳೂರಿನವನಾಗಲಿ ದಾವಣಗೆರೆಯವನಾಗಲಿ ಅರ್ಜಿ ಹಾಕಬೇಕಾದ್ದು ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ. 500 ರೂಪಾಯಿ ಸಾಲವಿದ್ದರೆ ಸಾಕು, ಅರ್ಜಿಗೆ ಅರ್ಹ ಎನ್ನುವಷ್ಟು ಹಳೆಯ ಕಾಯ್ದೆ ಅದು. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಬಡ ಸಾಲಗಾರರಿಗೆಂದೇ ಒಂದು ಅಧ್ಯಾಯ ಬರೆದರು. ವರ್ಷದ ಆದಾಯ 60,000, ಸ್ವತ್ತು 20,000, ಸಾಲ 35,000 ಮೀರದವರಿಗೆ ಹೊಸ ಬದುಕು ಎಂದರು. ಆಮೇಲೆ ಅದನ್ನು ಜಾರಿಗೆ ತರುವುದನ್ನೇ ಬಿಟ್ಟರು. ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಪಾಲಿಗೆ ಮಾತ್ರ 2019ರ ಡಿಸೆಂಬರಿನಿಂದ ಆ ಸಂಹಿತೆಯ ವೈಯಕ್ತಿಕ ದಿವಾಳಿಯ ಬಾಗಿಲು ತೆರೆದಿದೆ, ಅದೂ ಈ ಅಧ್ಯಾಯವನ್ನು ಬಿಟ್ಟು. ಅಮೆರಿಕದಲ್ಲಾದರೆ ದಿವಾಳಿ ಅರ್ಜಿಯ ಜೊತೆ ತಿಂಗಳ ಆದಾಯಕ್ಕೊಂದು, ಖರ್ಚಿಗೊಂದು ನಮೂನೆ ತುಂಬಬೇಕು. ಮನೆಯವರು ನಿನ್ನ ಖರ್ಚಿಗೆ ಕೊಡುವ ನೆರವೆಷ್ಟು ಎಂದು ಬೇರೆಯೇ ಒಂದು ಸಾಲು ಕೇಳುತ್ತದೆ. ಆ ದೇಶದ ಪದ್ಧತಿಯಲ್ಲಿ ಎಲ್ಲವೂ ಸರಿ ಎಂದಲ್ಲ. ಅಪ್ಪ ಹಾಕಿದ ಅನ್ನ ಅಲ್ಲಿ ಕಾಗದದ ಮೇಲಾದರೂ ಬರುತ್ತದೆ. ಇಲ್ಲಿ ಆ ಕಾಗದವನ್ನು ನಾವೇ ಬರೆದುಕೊಳ್ಳಬೇಕು.

ಎದುರು ವಾದಗಳಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವುದು ಒಂದು. ಸಾಲ ಕೊಟ್ಟವರೆಲ್ಲ ಬ್ಯಾಂಕುಗಳಲ್ಲ. ಸ್ತ್ರೀಶಕ್ತಿ ಗುಂಪಿನಲ್ಲಿ, ಮೈಕ್ರೊಫೈನಾನ್ಸಿನ ಗುಂಪು ಸಾಲದಲ್ಲಿ ಒಬ್ಬರು ಕಂತು ತಪ್ಪಿಸಿದರೆ ಪಕ್ಕದ ಮನೆಯಾಕೆ ತನ್ನ ಕೂಲಿಯಿಂದ ತುಂಬಬೇಕಾಗುತ್ತದೆ. ಚೀಟಿ ಎತ್ತಿಕೊಂಡು ಕಟ್ಟದವನಿಂದ ಇನ್ನೊಬ್ಬರ ಮಗಳ ಮದುವೆ ನಿಲ್ಲುತ್ತದೆ. ಅವರೆದುರು ನಿಂತು "ಮೊದಲು ನಮ್ಮಮ್ಮನಿಗೆ ಹಾಲಿನ ದುಡ್ಡು" ಎನ್ನಲು ಯಾವ ಮುಖವಿದೆ? ಈ ಪ್ರಶ್ನೆಯ ತೂಕ ನನಗೆ ಗೊತ್ತು. ಹಾಗಾಗಿಯೇ ಪಾಲನ್ನು ಅಂದಾಜಿಗೆ ಬಿಡಬಾರದು ಎನ್ನುತ್ತೇನೆ. ಮಗ ಬರುವ ಮೊದಲಿನ ಬಿಲ್ಲುಗಳನ್ನೂ ಬಂದ ಮೇಲಿನವನ್ನೂ ಪಕ್ಕಪಕ್ಕ ಇಡಿ. ಏರಿದ್ದೆಷ್ಟೋ ಅಷ್ಟೇ ಪಾಲು, ಅದಕ್ಕಿಂತ ಒಂದು ರೂಪಾಯಿಯೂ ಬೇಡ. ಮೇಲಿನ 25,000ದವನಿಗೆ ಅದು 4,500 ಬಂತೆನ್ನಿ. ಬಸ್ಸು, ಮೊಬೈಲು, ಬಟ್ಟೆಗೆ 3,500, ಆಪತ್ತಿಗೆಂದು 1,500. ಸಾಲಕ್ಕೆ 15,500 ಉಳಿಯಿತು. ಕೋರ್ಟಿಗೆ ಹೋಗಿದ್ದರೆ ಸಾಲಿಗರೆಲ್ಲರಿಗೂ ಸೇರಿ 8,000 ಸಿಗುತ್ತಿತ್ತು ಎಂಬುದನ್ನು ನೆನೆಯಿರಿ. ಆ 15,500ರಲ್ಲಿ ಗುಂಪಿನ ಹೆಂಗಸರು ಮೊದಲು, ಕ್ರೆಡಿಟ್ ಕಾರ್ಡು ಕೊನೆಗೆ ಎನ್ನುವುದಕ್ಕೆ ನನ್ನದೇನೂ ತಕರಾರಿಲ್ಲ. ಪೂರ್ತಿ 25,000 ಕಟ್ಟುತ್ತೇನೆಂದು ಒಪ್ಪಿಕೊಂಡವನು ಮಾತ್ರ ಮೂರನೇ ತಿಂಗಳಿಗೆ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ತೀರಿದ ದಿನ, ಹೊಸ ಕೈಸಾಲಕ್ಕೆ ಕೈಯೊಡ್ಡುತ್ತಾನೆ. ಅದರಿಂದ ಗುಂಪಿಗೂ ಒಳ್ಳೆಯದಾಗುವುದಿಲ್ಲ.

ದಿನಕ್ಕೊಂದು ಕಾಫಿ ಬಿಟ್ಟರೆ ಸಾಲ ತೀರುತ್ತದೆ ಎನ್ನುವವರಿಗೆ ಉತ್ತರ ಕೊಟ್ಟು ಹಾಳೆ ತುಂಬಿಸಲಾರೆ.

ಇನ್ನೊಂದು ಆಕ್ಷೇಪ ಅಡುಗೆಮನೆಯಿಂದಲೇ ಬರುತ್ತದೆ. "ಹೆತ್ತ ತಾಯಿ ಕೈಲಿ ಉಂಡಿದ್ದಕ್ಕೆ ದುಡ್ಡು ಎಣಿಸ್ತೀಯೇನೋ? ಇದೇನು ಹೋಟೆಲೇ?" ಅವಳ ನೋವು ಸುಳ್ಳಲ್ಲ. ಅವಳ ಕೈಗೆ ನೋಟು ಇಡಲು ಹೋಗುವುದೇ ತಪ್ಪು. ಇಟ್ಟರೂ ಆಕೆ ಅದನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟು, ಮುಂದಿನ ಕಂತಿನ ದಿನ ಅವನ ಜೇಬಿಗೇ ತುರುಕುತ್ತಾಳೆ. ಬದಲಿಗೆ ಒಂದೊಂದು ಬಾಬತ್ತನ್ನು ಮೈಮೇಲೆ ಹಾಕಿಕೊಳ್ಳಬೇಕು. ಸಿಲಿಂಡರ್ ಬುಕ್ಕಿಂಗು ಅವನ ಫೋನಿನಿಂದ, ಹಾಲಿನವನ ತಿಂಗಳ ಲೆಕ್ಕ ಅವನ ಹೆಸರಿಗೆ, ಅಪ್ಪನ ಬಿಪಿ ಮಾತ್ರೆ ಅವನೇ ತರುವುದು. ಆಗ ಅದನ್ನು ಯಾರೂ ಬಾಡಿಗೆ ಎಂದುಕೊಳ್ಳುವುದಿಲ್ಲ. ಹೀಗೆ ಮಾಡುವುದರಲ್ಲಿ ಇನ್ನೊಂದು ಅನುಕೂಲವಿದೆ. ದಿವಾಳಿ ಕಾಯ್ದೆಗಳೆಲ್ಲ ಕೆಂಗಣ್ಣಿನಿಂದ ನೋಡುವುದು ಮುಳುಗುವ ಹೊತ್ತಿಗೆ ಒಬ್ಬ ಸಾಲಿಗನನ್ನು, ಅದರಲ್ಲೂ ನೆಂಟನನ್ನು, ಮುಂದೆ ಕೂರಿಸಿ ಹಳೆಯ ಬಾಕಿ ತೀರಿಸುವುದನ್ನು. ಐದು ವರ್ಷದ ಹಿಂದೆ ಅಪ್ಪ ಕೊಟ್ಟ ಎರಡು ಲಕ್ಷವನ್ನು ಈಗ ಗುಟ್ಟಾಗಿ ಹಿಂತಿರುಗಿಸಿದರೆ ಅದು ತಪ್ಪೇ. ಈ ತಿಂಗಳು ಉಂಡ ಅನ್ನಕ್ಕೆ ಈ ತಿಂಗಳೇ ಗ್ಯಾಸ್ ತರಿಸುವುದು ಆ ಜಾತಿಗೆ ಸೇರಿದ್ದಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. "ನಿಮ್ಮಪ್ಪನ ಸೈಟು ಇದೆಯಲ್ಲ, ಅಮ್ಮನ ಬಳೆ ಇದೆಯಲ್ಲ" ಎಂದು ಫೋನಿನಲ್ಲಿ ಹೇಳುತ್ತಾರಲ್ಲ, ಅದು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಕಟ್ಟಳೆಯನ್ನೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೈಬಿಟ್ಟಿತು. ವಯಸ್ಸಿಗೆ ಬಂದ ಮಗನ ಸಾಲವನ್ನು ಅಪ್ಪ ತೀರಿಸಬೇಕೆಂದು, ಆತ ಸಹಿ ಹಾಕಿರದಿದ್ದರೆ, ಕಾನೂನು ಎಂದೂ ಹೇಳಿಲ್ಲ. ಸಾಲಗಾರನ ಮನೆಯವರ ಮಾನ ಕಳೆಯುವಂತಿಲ್ಲ, ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ವಸೂಲಿಯ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ತಾಕೀತು ಮಾಡಿತು. ಕಿರುಸಾಲದ ವಸೂಲಿ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಹತ್ತು ವರ್ಷದವರೆಗಿನ ಜೈಲಿನ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಷ್ಟಾದರೂ ಬಳೆಯ ಮಾತು ನಿಂತಿಲ್ಲ. ಮೂವತ್ತೈದರ ಮಗನಿಗೆ ದುಡಿಯಲು ಇನ್ನೂ ಇಪ್ಪತ್ತೈದು ವರ್ಷ ಇದೆ. ಎಪ್ಪತ್ತರ ಅಪ್ಪನ ಠೇವಣಿ ಕರಗಿದರೆ ಅದನ್ನು ಮತ್ತೆ ತುಂಬಲು ಅವರ ಕೈಯಲ್ಲಿ ವರ್ಷಗಳೇ ಇಲ್ಲ. ಬಳೆ ಮಾರಿ ಸಾಲ ಕಟ್ಟಿಸಿಕೊಂಡವರಲ್ಲಿ ಯಾರೂ ನಾಳೆ ಆ ತಾಯಿಯ ಆಸ್ಪತ್ರೆ ಬಿಲ್ಲಿಗೆ ಬರುವುದಿಲ್ಲ.

ಮಗಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಬಿಗಿ. ಗಂಡನ ವ್ಯಾಪಾರ ಮುಳುಗಿ, ತನ್ನ ಹೆಸರಿನ ಸಾಲ ಹೊತ್ತು ತವರಿಗೆ ಬಂದವಳ ತಟ್ಟೆಯ ಮೇಲೆ ಅಣ್ಣ ಅತ್ತಿಗೆಯರ ಕಣ್ಣಿರುತ್ತದೆ. ಮಗನಿಂದ ಯಾರೂ ಕೇಳದ ಪಾಲನ್ನು ಅವಳಿಂದ ಮುಸುರೆ, ಅಡುಗೆ, ಅಪ್ಪನ ಶುಶ್ರೂಷೆಯ ರೂಪದಲ್ಲಿ ಹೇಳದೆಯೇ ವಸೂಲು ಮಾಡುತ್ತಾರೆ. ಅವಳ ತಿಂಗಳ ಲೆಕ್ಕದ ಪಟ್ಟಿಯಲ್ಲಿ ಈ ದುಡಿಮೆಯನ್ನೂ ರೂಪಾಯಿಯಲ್ಲಿ ಬರೆಯಬೇಕು. ಆಗ ಆ ತಿಂಗಳು ಆ ಮನೆ ಅವಳಿಗೇ ಬಾಕಿ ಎಂದು ತೋರಿದರೆ ಆಶ್ಚರ್ಯವಿಲ್ಲ.

ಈ ಪಟ್ಟಿ ಬರೆಯುವುದು ಸುಮ್ಮನೆ ಗೋಡೆಗೆ ಅಂಟಿಸಲು ಅಲ್ಲ. ಬ್ಯಾಂಕಿನವರು ಒನ್ ಟೈಮ್ ಸೆಟ್ಲ್‌ಮೆಂಟಿಗೋ ಕಂತು ಇಳಿಸಲಿಕ್ಕೋ ಕೂರಿಸಿದಾಗ ಮೇಜಿನ ಮೇಲೆ ಇಡಲು. "ಅಪ್ಪನ ಮನೇಲಿ ಇದ್ದೀರಿ, ನಿಮಗೆಂಥ ಖರ್ಚು?" ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಹಾಲಿನವನ ಚೀಟಿ, ಗ್ಯಾಸ್ ರಸೀದಿ, ಹಿಂದಿನ ವರ್ಷದ ಮತ್ತು ಈ ವರ್ಷದ ಕರೆಂಟು ಬಿಲ್ಲು ಒಂದರ ಪಕ್ಕ ಒಂದಿಟ್ಟು, 15,500ರ ಮೇಲೆ ಏಕೆ ಕಟ್ಟಲಾಗದು ಎಂದು ತೋರಿಸಬೇಕು. ಕಂತು ನಿಗದಿಯಾಗಬೇಕಾದದ್ದು ಆ ರಸೀದಿಗಳನ್ನು ಓದಿದ ಮೇಲೆ.