ಅರ್ಜಿಯ ಖಾನೆ ನಿಮ್ಮ ಹೆಸರನ್ನು ಯಾಕೆ ಒಪ್ಪುವುದಿಲ್ಲ?

ಆನ್‌ಲೈನ್ ಅರ್ಜಿಯಲ್ಲಿ ಕನ್ನಡದಲ್ಲಿ ಹೆಸರು ಬರೆದಾಗ ‘ಅಮಾನ್ಯ’ ಎಂಬ ಕೆಂಪು ಸಾಲು ಬಂದರೆ ನಾವು ಮೊದಲು ದೂರುವುದು ನಮ್ಮ ಕೀಬೋರ್ಡನ್ನು. ಆದರೆ ಆ ಖಾನೆಯನ್ನು ಬಿಡುಗಡೆಗೆ ಮೊದಲು ಯಾವ ಹೆಸರುಗಳಿಂದ ಪರೀಕ್ಷಿಸಿದ್ದರು ಎಂದು ಕೇಳಬೇಕು.

‘ಲಕ್ಷ್ಮೀನಾರಾಯಣಶಾಸ್ತ್ರಿ’ ಎಂಬ ಹೆಸರನ್ನೇ ನೋಡಿ. ಓದುವ ನಮಗೆ 8 ಅಕ್ಷರ. ಯೂನಿಕೋಡ್‌ನಲ್ಲಿ ಒತ್ತಕ್ಷರ, ಗುಡಿಸು, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಸಂಕೇತಗಳು ಬೇಕು, ಒಟ್ಟು 21. ಬ್ರೌಸರ್ ಎಣಿಸುವುದು ಇವನ್ನು. ಖಾನೆಯ ಮಿತಿ 20 ಇದ್ದರೆ ಕೊನೆಯ ಗುಡಿಸಿಗೆ ಜಾಗವಿಲ್ಲ, ಶಾಸ್ತ್ರಿಗಳು ‘ಶಾಸ್ತ್ರ’ ಆಗಿಬಿಡುತ್ತಾರೆ!

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ಯಾವ ಭಾಷೆಯ ಅಕ್ಷರವಾದರೂ ಸರಿ’ ಎಂಬ ಉದಾರ ನಿಯಮವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದು. ಆದರೆ ಯೂನಿಕೋಡ್ ಪ್ರಕಾರ ಗುಡಿಸು, ಕೊಂಬುಗಳು ‘ಅಕ್ಷರ’ ವರ್ಗಕ್ಕೆ ಸೇರುವುದಿಲ್ಲ, ‘ಚಿಹ್ನೆ’ ವರ್ಗಕ್ಕೆ ಸೇರುತ್ತವೆ. ಹಾಗಾಗಿ ‘ಕಮಲ’ ಪಾಸು, ‘ವಿಮಲ’ ಫೇಲು. ಪರೀಕ್ಷಕರು ಕಮಲಳನ್ನು ಮಾತ್ರ ಬಳಸಿದ್ದರೆ ಎಲ್ಲವೂ ಹಸಿರಾಗಿ ಕಾಣುತ್ತದೆ. ಚಿಹ್ನೆಗಳ ವರ್ಗವನ್ನೂ ನಿಯಮಕ್ಕೆ ಸೇರಿಸಿದರೆ ಮುಗಿಯಿತು, ಒಂದು ಸಾಲಿನ ಕೆಲಸ.

ಸ್ವಯಂಚಾಲಿತ ಪರೀಕ್ಷೆಯ ಮಿತಿಯೂ ಇದೆ. ಪ್ಲೇರೈಟ್‌ನಂಥ ಸಾಧನದ ‘ಫಿಲ್’ ಆಜ್ಞೆ ಇಡೀ ಹೆಸರನ್ನು ಒಂದೇ ಏಟಿಗೆ ಖಾನೆಗೆ ತುಂಬುತ್ತದೆ. ಮನುಷ್ಯರು ಹಾಗೆ ಬರೆಯುವುದಿಲ್ಲ. ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಮೂಡಿಸುವವರ ಪದ ರೂಪುಗೊಳ್ಳುವ ಮಧ್ಯದಲ್ಲೇ ಖಾನೆ ತಪ್ಪು ಹುಡುಕಲು ಶುರುಮಾಡಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು. ಇದನ್ನು ಹಿಡಿಯಲು ಯಾರಾದರೂ ನಿಜವಾದ ಫೋನಿನಲ್ಲಿ, ನಿಜವಾದ ಕನ್ನಡ ಕೀಲಿಮಣೆಯಲ್ಲಿ ತಮ್ಮ ಅಜ್ಜಿಯ ಹೆಸರನ್ನು ಒಮ್ಮೆ ಬರೆದು ನೋಡಬೇಕು.