ಗಣಕಯಂತ್ರದ ಪಾರುಪತ್ಯ

ಮನೆಯ ಪಾರುಪತ್ಯವನ್ನು ಬಲ್ಲ ಗೃಹಿಣಿಯು ಬೆಳಗಾಗೆದ್ದ ಕೂಡಲೆ ಆಜ್ಞೆ ಮಾಡುವುದಿಲ್ಲ, ಮೊದಲು ನೋಡುವಳು. ಉಗ್ರಾಣದಲ್ಲಿ ಅಕ್ಕಿ ಎಷ್ಟಿದೆ, ತೊಟ್ಟಿಯಲ್ಲಿ ನೀರೆಷ್ಟಿದೆ, ಒಲೆಯ ಮೇಲೆ ಏನಿದೆ ಎಂಬುದನ್ನು ಕಂಡುಕೊಂಡ ಮೇಲೆಯೇ ‘ಇದನ್ನು ತೆಗೆ, ಅದನ್ನು ಇಡು’ ಎಂದು ಹೇಳುವಳು. ನೋಡದೆ ಹೇಳಿದ ಮಾತಿನಿಂದ ಹಾಲು ಉಕ್ಕುವುದೂ ಉಂಟು, ನಾಳೆಗೆಂದು ಇಟ್ಟಿದ್ದ ಹೆಪ್ಪನ್ನು ಚೆಲ್ಲಿಬಿಡುವುದೂ ಉಂಟು. ಗಣಕಯಂತ್ರದ ಪಾರುಪತ್ಯಕ್ಕೂ ಇದೇ ನಿಯಮವು ಸಲ್ಲುವುದು. ಆ ವಿಷಯವಾಗಿ ಈ ತಿಂಗಳು ವಾಚಕರಿಗೆ ನಾಲ್ಕು ಮಾತುಗಳನ್ನು ತಿಳಿಸಬೇಕೆಂದಿದ್ದೇವೆ.

ಬೆಂಗಳೂರಿನ ಹೊರವಲಯವು ಈಗ ಇಂತಹ ಪಾರುಪತ್ಯಗಾರರ ಬೀಡಾಗಿದೆ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಈಗ ಗಾಜಿನ ಕಚೇರಿಗಳು ನಿಂತಿವೆ. ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ಜಮೀನಿನಲ್ಲಿ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕುಳಿತವರು ಸಾವಿರಾರು ಮೈಲಿ ದೂರದ ಬ್ಯಾಂಕುಗಳ, ಆಸ್ಪತ್ರೆಗಳ, ಅಂಗಡಿಗಳ ಗಣಕಗಳನ್ನು ನೋಡಿಕೊಳ್ಳುತ್ತಾರೆ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿಯೂ ಲೆಕ್ಕಪತ್ರ, ಯಂತ್ರಭಾಗಗಳ ನಕ್ಷೆ ಎಲ್ಲವೂ ಗಣಕದೊಳಗೇ ಇರುವುವು. ೨೦೨೦ರ ಸಾಂಕ್ರಾಮಿಕದ ಕಾಲದಿಂದ ಈ ಕೆಲಸವು ಮನೆಯೊಳಕ್ಕೂ ಬಂದಿದೆ. ಮಗನೋ ಸೊಸೆಯೋ ನಡುರಾತ್ರಿಯಲ್ಲಿ ಎದ್ದು, ಚಿತ್ರವಿಲ್ಲದ ಒಂದು ಕರಿಯ ತೆರೆಯ ಮೇಲೆ ಎರಡಕ್ಷರ ಮೂರಕ್ಷರದ ಮಾತುಗಳನ್ನು ಒತ್ತುತ್ತ ಕುಳಿತಿರುವುದನ್ನು ಅನೇಕ ಹಿರಿಯರು ಕಂಡಿರಬಹುದು. ಅದು ಆಟವಲ್ಲ. ಅಮೆರಿಕದಲ್ಲಿ ಅದು ಹಗಲು. ಅಲ್ಲಿಯ ಯಾವುದೋ ಯಂತ್ರವು ನಿಂತಿದೆ, ಇಲ್ಲಿಂದ ಅದನ್ನು ವಿಚಾರಿಸುತ್ತಿದ್ದಾರೆ.

ಚಿತ್ರವನ್ನು ಒತ್ತಿ ಮಾಡುವ ಕೆಲಸವನ್ನು ಮಾತಿನಿಂದ ಏಕೆ ಮಾಡಬೇಕು? ಇದಕ್ಕೆ ಕಾರಣಗಳುಂಟು. ದೂರದ ಸರ್ವರ್ ಯಂತ್ರಗಳಿಗೆ ತೆರೆಯೇ ಇರುವುದಿಲ್ಲ. ಅಲ್ಲಿಗೆ ಮಾತನ್ನು ಮಾತ್ರ ಕಳುಹಿಸಬಹುದು. ಒಮ್ಮೆ ಬರೆದ ಆಜ್ಞೆಯನ್ನು ಹಾಗೆಯೇ ನೂರು ಯಂತ್ರಗಳಿಗೆ ಕೊಡಬಹುದು. ಪ್ರತಿ ರಾತ್ರಿ ಎರಡು ಗಂಟೆಗೆ ತಾನಾಗಿ ನಡೆಯುವಂತೆ ಪಟ್ಟಿಯಲ್ಲಿ ಬರೆದಿಡಲೂಬಹುದು. ಈ ಮಾತುಗಳು ಇಷ್ಟು ಗಿಡ್ಡವಾಗಿರುವುದಕ್ಕೂ ಒಂದು ಇತಿಹಾಸವಿದೆ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ‘ಯುನಿಕ್ಸ್’ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ತೆರೆಯ ಬದಲು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪು ಬಳಕೆಯಲ್ಲಿತ್ತು. ಅದು ಸೆಕೆಂಡಿಗೆ ಹತ್ತು ಅಕ್ಷರಗಳಷ್ಟೇ ಒತ್ತುತ್ತಿತ್ತು. ಆದುದರಿಂದ ‘ಲಿಸ್ಟ್’ ಎಂಬುದು ‘ಎಲ್‌ಎಸ್’ ಆಯಿತು. ‘ಕಾಪಿ’ ಎಂಬುದು ‘ಸಿಪಿ’ ಆಯಿತು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕೂಡ ಈ ಮಾತುಗಳನ್ನೇ ಉಳಿಸಿಕೊಂಡಿತು. ಇವನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿಯೇ ಒತ್ತಬೇಕು. ದೊಡ್ಡ ಅಕ್ಷರವಾದರೆ ಬೇರೆ ಮಾತೆಂದು ಯಂತ್ರವು ಎಣಿಸುವುದು.

ಈ ಆಜ್ಞೆಗಳನ್ನು ಮೂರು ವರ್ಗಗಳಾಗಿ ಎಣಿಸಿದರೆ ನೆನಪಿನಲ್ಲಿಡುವುದು ಸುಲಭ: ತನ್ನನ್ನು ಅರಿಯುವುವು, ಯಂತ್ರವನ್ನು ಪರೀಕ್ಷಿಸುವುವು, ಕೆಲಸವನ್ನು ಮಾಡುವುವು. ಮೊದಲ ಎರಡು ವರ್ಗದವು ನಿರಪಾಯವಾದವು. ಎಷ್ಟು ಸಲ ಕೇಳಿದರೂ ನಷ್ಟವಿಲ್ಲ.

ತನ್ನನ್ನು ಅರಿಯುವ ಆಜ್ಞೆಗಳಲ್ಲಿ ಮೊದಲನೆಯದು ‘ಪಿಡಬ್ಲ್ಯುಡಿ’. ನಮ್ಮ ದೇಶದಲ್ಲಿ ಈ ಮೂರಕ್ಷರ ಕೇಳಿದರೆ ರಸ್ತೆಯ ಗುಂಡಿಗಳು ನೆನಪಾಗುವುವು. ಇಲ್ಲಿ ಮಾತ್ರ ಅದು ‘ನಾನೀಗ ಯಾವ ಕಡತಕೋಶದಲ್ಲಿ ನಿಂತಿದ್ದೇನೆ?’ ಎಂಬ ಪ್ರಶ್ನೆ. ‘ಹೂ ಆಮ್ ಐ’ ಎಂಬುದನ್ನು ಕೂಡಿಸಿ ಬರೆದರೆ ಯಾರ ಹೆಸರಿನಲ್ಲಿ ಕೆಲಸ ಮಾಡುತ್ತಿರುವೆನೆಂಬುದು ತಿಳಿಯುವುದು. ‘ಹೋಸ್ಟ್‌ನೇಮ್’ ಎಂಬುದು ಯಂತ್ರದ ಹೆಸರನ್ನು ಹೇಳುವುದು. ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ೧೯೯೫ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ‘ಎಸ್‌ಎಸ್‌ಎಚ್’ ಎಂಬ ಸಾಧನದಿಂದ, ಮನೆಯಲ್ಲಿ ಕುಳಿತೇ ದೂರದ ಹತ್ತು ಯಂತ್ರಗಳೊಳಕ್ಕೆ ಗುಟ್ಟಾಗಿ ಪ್ರವೇಶಿಸಬಹುದಾಗಿದೆ. ಆಗ ಎದುರಿಗಿರುವ ಹತ್ತು ಕರಿಯ ಕಿಟಕಿಗಳೂ ಒಂದೇ ತರಹ ಕಾಣುವುವು. ಯಾವ ಕಿಟಕಿಯು ಯಾವ ಮನೆಯದೆಂದು ತಿಳಿಯದೆ ಕಸವನ್ನು ಹೊರಕ್ಕೆಸೆಯುವವನ ಗತಿಯೇನು? ಇನ್ನು ‘ಎಲ್‌ಎಸ್’ ಎಂದರೆ ಕೋಶದಲ್ಲಿ ಏನೇನಿದೆಯೋ ಅದರ ಪಟ್ಟಿಯು ಬರುವುದು. ‘ಸಿಡಿ’ ಎಂದು ಕೋಶದ ಹೆಸರನ್ನು ಬರೆದರೆ ಅದರೊಳಕ್ಕೆ ಹೋಗಬಹುದು.

ಪರೀಕ್ಷಿಸುವ ಆಜ್ಞೆಗಳಲ್ಲಿ ‘ಡಿಎಫ್’ ಮುಖ್ಯವಾದುದು. ಉಗ್ರಾಣದಲ್ಲಿ ಎಷ್ಟು ಸ್ಥಳ ಉಳಿದಿದೆ ಎಂಬುದನ್ನು ಅದು ಹೇಳುವುದು. ಯಂತ್ರವು ತಾನು ಮಾಡಿದ ಕೆಲಸದ ದಿನಚರಿಯನ್ನು ಕ್ಷಣಕ್ಷಣಕ್ಕೂ ಬರೆಯುತ್ತಿರುತ್ತದೆ. ಆ ದಿನಚರಿಯೇ ಬೆಳೆಬೆಳೆದು ಉಗ್ರಾಣವನ್ನೆಲ್ಲ ತುಂಬಿಬಿಟ್ಟರೆ ಹೊಸ ಲೆಕ್ಕವನ್ನು ಬರೆಯಲು ಸ್ಥಳವಿಲ್ಲದೆ ಯಂತ್ರವು ಮುಗ್ಗರಿಸುವುದು. ನಡುರಾತ್ರಿಯ ಕರೆಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೆ. ಯಾವ ಕೋಶವು ಸ್ಥಳವನ್ನು ನುಂಗಿತೆಂಬುದನ್ನು ‘ಡಿಯು’ ತೋರಿಸುವುದು. ‘ಅಪ್‌ಟೈಮ್’ ಎಂಬುದು ಯಂತ್ರವು ಎಷ್ಟು ದಿನದಿಂದ ಎಚ್ಚರವಾಗಿದೆ, ಹೊರೆ ಎಷ್ಟಿದೆ ಎಂಬುದನ್ನು ಹೇಳಿದರೆ, ‘ಟಾಪ್’ ಎಂಬುದು ಯಾವ ಕೆಲಸಗಾರನು ಎಲ್ಲರ ಪಾಲಿನ ಊಟವನ್ನು ತಾನೇ ಉಣ್ಣುತ್ತಿದ್ದಾನೆಂದು ಬೆರಳಿಟ್ಟು ತೋರಿಸುವುದು. ‘ಟೇಲ್’ ಎಂಬುದರಿಂದ ದಿನಚರಿಯ ಕೊನೆಯ ಸಾಲುಗಳನ್ನು ಓದಬಹುದು. ‘ಗ್ರೆಪ್’ ಎಂಬುದರಿಂದ ಲಕ್ಷ ಸಾಲುಗಳಲ್ಲಿ ಬೇಕಾದ ಪದವಿರುವ ಸಾಲನ್ನು ಮಾತ್ರ ಆರಿಸಿಕೊಳ್ಳಬಹುದು. ಅನುಭವಸ್ಥರು ತೊಂದರೆಯು ಬಂದಾಗ ಮೊದಲು ಇವನ್ನೇ ಕೇಳುವರು. ನಾಡಿಯನ್ನು ನೋಡದೆ ಔಷಧ ಕೊಡುವ ವೈದ್ಯನನ್ನು ಯಾರು ನಂಬುವರು?

ಈ ವರ್ಗದಲ್ಲಿ ಪ್ರತಿಯೊಂದು ಮನೆಗೂ ಉಪಯೋಗವಾಗುವುದು ‘ಪಿಂಗ್’. ಅಂತರಜಾಲವು ನಿಂತಿತೆಂದು ಕಂಪನಿಯವರೊಡನೆ ಜಗಳಕ್ಕೆ ಹೋಗುವ ಮುನ್ನ, ‘ಪಿಂಗ್’ ಎಂದು ಬರೆದು ಮನೆಯ ವೈಫೈ ಪೆಟ್ಟಿಗೆಯ ವಿಳಾಸದ ಅಂಕಿಯನ್ನು ಬರೆಯಿರಿ. ಅದು ಅನೇಕ ಪೆಟ್ಟಿಗೆಗಳ ತಳದಲ್ಲಿಯೇ ಮುದ್ರಿತವಾಗಿರುವುದು. ಪೆಟ್ಟಿಗೆಯೇ ಉತ್ತರ ಕೊಡದಿದ್ದರೆ ದೋಷವು ಬಹುಮಟ್ಟಿಗೆ ಮನೆಯಲ್ಲಿಯೇ ಇದೆ. ಪೆಟ್ಟಿಗೆಯು ಉತ್ತರ ಕೊಟ್ಟು ಹೊರಗಿನ ಯಾವ ವಿಳಾಸವೂ ಕೊಡದಿದ್ದರೆ ದೋಷವು ಬಹುಶಃ ಪೆಟ್ಟಿಗೆಯಿಂದ ಆಚೆಗೆ ಇರುವುದು. ಈ ಆಜ್ಞೆಯು ವಿಂಡೋಸ್ ಗಣಕದಲ್ಲಿಯೂ ನಡೆಯುವುದು.

ಕೆಲಸವನ್ನು ಮಾಡುವ ಆಜ್ಞೆಗಳೊಡನೆ ಎಚ್ಚರಿಕೆಯು ಆರಂಭವಾಗಬೇಕು. ‘ಸಿಪಿ’ ನಕಲು ಮಾಡುವುದು, ‘ಎಂವಿ’ ಸ್ಥಳಾಂತರಿಸುವುದು. ಎರಡೂ ಸಾಧುವಾಗಿ ಕಂಡರೂ, ಹೋಗುವ ಜಾಗದಲ್ಲಿ ಅದೇ ಹೆಸರಿನ ಹಳೆಯ ಕಡತವಿದ್ದರೆ ಸಾಮಾನ್ಯವಾಗಿ ಕೇಳದೆಯೇ ಅದರ ಮೇಲೆ ಬರೆದುಬಿಡುವುವು. ‘ಕಿಲ್’ ಎಂಬುದರ ಹೆಸರು ಘೋರವಾದರೂ, ಬರಿದೆ ಹೇಳಿದರೆ ಅದು ‘ಕೆಲಸವನ್ನು ಮುಗಿಸಿ ಹೊರಡಪ್ಪ’ ಎಂಬ ಸೂಚನೆಯಷ್ಟೆ. ಅದರ ಮುಂದೆ ಒಂದು ಅಡ್ಡಗೆರೆಯನ್ನೂ ೯ ಎಂಬ ಅಂಕಿಯನ್ನೂ ಸೇರಿಸಿದರೆ ಕುತ್ತಿಗೆ ಹಿಡಿದು ಹೊರದೂಡಿದಂತೆ. ಮೊದಲು ಹೇಳಿ ನೋಡಿ, ಕೇಳದಿದ್ದರೆ ಮಾತ್ರ ದೂಡಬೇಕು. ‘ಸೂಡೊ’ ಎಂಬುದು ರಾಜಮುದ್ರೆಯ ಉಂಗುರ. ಆಜ್ಞೆಯ ಮೊದಲು ಅದನ್ನು ಇಟ್ಟರೆ ಯಂತ್ರದ ಒಡೆಯನ ಅಧಿಕಾರವೆಲ್ಲ ಬರುವುದು. ಆಗ ಗುಪ್ತಪದವನ್ನು ಒತ್ತುವಾಗ ಅನೇಕ ಯಂತ್ರಗಳ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಕೀಲಿಗಳು ಕೆಟ್ಟವೆಂದು ಹೊಸಬರು ಗಾಬರಿಯಾಗಬೇಕಾದುದಿಲ್ಲ. ಉಂಗುರವನ್ನು ದಿನವೆಲ್ಲ ತೊಟ್ಟಿರದೆ, ಬೇಕಾದಾಗ ತೊಟ್ಟು ಕೆಲಸ ಮುಗಿದೊಡನೆ ತೆಗೆದಿಡುವುದು ಒಳ್ಳೆಯ ಪಾರುಪತ್ಯಗಾರನ ಲಕ್ಷಣ.

ಕಡೆಯದು ‘ಆರ್‌ಎಂ’. ಇದು ಅಳಿಸುವ ಆಜ್ಞೆ. ಚಿತ್ರದ ಗಣಕದಲ್ಲಿ ಅಳಿಸಿದ ಕಡತವು ಕಸದ ಬುಟ್ಟಿಯಲ್ಲಿ ಕೆಲಕಾಲ ಇರುವುದುಂಟು, ‘ಆರ್‌ಎಂ’ಗೆ ಬುಟ್ಟಿಯಿಲ್ಲ. ‘ಆರ್’ ಅಕ್ಷರವನ್ನು ಸೇರಿಸಿದರೆ ಕೋಶದೊಳಗಿನ ಕೋಶಗಳನ್ನೂ, ‘ಎಫ್’ ಸೇರಿಸಿದರೆ ಏನನ್ನೂ ಕೇಳದೆಯೂ ಅಳಿಸುವುದು. ನಕ್ಷತ್ರದ ಚಿಹ್ನೆಗೆ ‘ಎಲ್ಲವೂ’ ಎಂಬ ಅರ್ಥ. ‘ಹಳೆಯ’ ಎಂಬುದಕ್ಕೆ ನಕ್ಷತ್ರವನ್ನು ಅಂಟಿಸಿ ಬರೆದರೆ ಆ ಹೆಸರಿನಿಂದ ಮೊದಲಾಗುವ ಕಡತಗಳು ಮಾತ್ರ ಹೋಗುವುವು. ನಡುವೆ ಒಂದು ತೆರಪು ಬಿದ್ದರೆ ಇದ್ದುದೆಲ್ಲ ಹೋಗುವುದು. ಆದುದರಿಂದ ಬಲ್ಲವರು ಮೊದಲು ‘ಆರ್‌ಎಂ’ ಇರಬೇಕಾದ ಕಡೆ ‘ಎಲ್‌ಎಸ್’ ಎಂದು ಬರೆದು, ಬಂದ ಪಟ್ಟಿಯನ್ನು ಓದಿ, ಆಮೇಲೆ ಆ ಒಂದು ಮಾತನ್ನು ಮಾತ್ರ ಬದಲಾಯಿಸುವರು.

ಈ ಎಚ್ಚರಿಕೆಯು ಅತಿಯಾಯಿತೆಂದು ತೋರಿದವರಿಗೆ ಎರಡು ನಿದರ್ಶನಗಳನ್ನು ಹೇಳುತ್ತೇವೆ. ೨೦೧೭ರ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಇಂಜಿನಿಯರೊಬ್ಬರು, ಬಹಳ ಹೊತ್ತಿನ ದುಡಿಮೆಯ ಕೊನೆಯಲ್ಲಿ, ಎರಡನೆಯ ಯಂತ್ರವೆಂದು ಭಾವಿಸಿ ಮುಖ್ಯ ಯಂತ್ರದ ದಾಖಲೆಗಳ ಕೋಶವನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟು ಹೋಗಿತ್ತು. ನಕಲಿಗಾಗಿ ಮಾಡಿದ್ದ ಏರ್ಪಾಡುಗಳನ್ನು ಹುಡುಕಿದರೆ, ಒಂದು ಏರ್ಪಾಡಿನ ಕೋಶವು ಬರಿದಾಗಿತ್ತು. ಅದು ನಡೆಯುತ್ತಿಲ್ಲವೆಂಬುದೇ ಯಾರಿಗೂ ತಿಳಿದಿರಲಿಲ್ಲ. ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿಯೇ ಆ ಸಂಸ್ಥೆಯನ್ನು ಉಳಿಸಿತು. ಸಂಸ್ಥೆಯವರು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಪ್ರಕಟಿಸಿದುದು ಶ್ಲಾಘ್ಯವಾದುದು.

ಎರಡನೆಯದು ಮಕ್ಕಳೂ ಬಲ್ಲ ‘ಟಾಯ್ ಸ್ಟೋರಿ ೨’ ಎಂಬ ಚಲನಚಿತ್ರದ್ದು. ೧೯೯೮ರಲ್ಲಿ ಚಿತ್ರವು ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ‘ಆರ್‌ಎಂ’ ಆಜ್ಞೆಯಿಂದ ಅದರ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದುವು. ಸಂಸ್ಥೆಯ ನಕಲುಗಳೂ ಕೆಟ್ಟಿದ್ದುವು. ಆಗ ಗ್ಯಾಲಿನ್ ಸುಸ್ಮನ್ ಎಂಬ ಮಹಿಳೆಯು, ಎಳೆಯ ಮಗುವಿದ್ದುದರಿಂದ ಮನೆಯಿಂದಲೇ ಕೆಲಸ ಮಾಡಲೆಂದು ತಮ್ಮ ಗಣಕದಲ್ಲಿ ಒಂದು ಪ್ರತಿಯನ್ನಿಟ್ಟುಕೊಂಡಿದ್ದರು. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಒಯ್ಯುವಂತೆ ಕಾರಿನಲ್ಲಿ ಕಚೇರಿಗೆ ತಂದರು. ದೊಡ್ಡ ಸಂಸ್ಥೆಯ ಏರ್ಪಾಡು ಮಾಡದುದನ್ನು ಬಾಣಂತಿಯ ಮನೆಯಲ್ಲಿದ್ದ ಪ್ರತಿಯು ಮಾಡಿತು.

ಎರಡು ಕಡೆಯೂ ನಕಲು ಇದೆಯೆಂದು ಎಲ್ಲರೂ ನಂಬಿದ್ದರು, ತೆರೆದು ನೋಡಿರಲಿಲ್ಲ. ನಮ್ಮ ಮನೆಗಳ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಮದುವೆಯ ಚಿತ್ರಗಳು, ಅಗಲಿದ ತಂದೆತಾಯಿಗಳ ಧ್ವನಿ, ಜಮೀನಿನ ಪಹಣಿಯ ಪ್ರತಿ ಎಲ್ಲವೂ ಒಂದೇ ಗಣಕದಲ್ಲಿರುವುವು. ಗೃಹಸ್ಥರು ಅವುಗಳ ಎರಡು ನಕಲುಗಳನ್ನು ಮಾಡಿಸಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡುವುದು ಮೇಲು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಆ ನಕಲಿನಿಂದ ಒಂದು ಚಿತ್ರವನ್ನಾದರೂ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಕಲೆಂದು ಎಣಿಸಬಾರದು.

ಇಲ್ಲಿ ಹೇಳದ ಆಜ್ಞೆಗಳು ನೂರಾರಿವೆ. ಅವನ್ನು ಕಲಿಯಬೇಕೆನ್ನುವವರು ‘ಮ್ಯಾನ್’ ಎಂದು ಬರೆದು ಆಜ್ಞೆಯ ಹೆಸರನ್ನು ಬರೆದರೆ ಅದರ ವಿವರಣೆಯನ್ನು ಯಂತ್ರವೇ ತೆರೆದು ತೋರಿಸುವುದು. ೧೯೭೧ರಲ್ಲಿ ಮೊದಲು ಅಚ್ಚಾದ ಯುನಿಕ್ಸ್ ಕೈಪಿಡಿಯ ವಂಶವದು. ಆದರೆ ಮನೆಯ ಹಿರಿಯರು ಆಜ್ಞೆಗಳನ್ನೆಲ್ಲ ಕಲಿಯಬೇಕಾದುದಿಲ್ಲ. ನಡುರಾತ್ರಿಯ ಪಾಳಿಯಲ್ಲಿರುವ ಮಕ್ಕಳಿಗೆ ಒಂದು ಲೋಟ ಬಿಸಿಹಾಲನ್ನು ಕೊಟ್ಟು, ‘ಕಣ್ಣು ಎಳೆಯುತ್ತಿದ್ದರೆ ಅಳಿಸುವ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊ ಮಗು’ ಎಂದು ಹೇಳಿದರೆ ಸಾಕು. ನೋಡುವ ಕೆಲಸವನ್ನು ಯಾವ ಹೊತ್ತಿನಲ್ಲಾದರೂ ಮಾಡಬಹುದು. ಅಳಿಸುವ ಕೆಲಸಕ್ಕೆ ನಿದ್ದೆಯಾದ ಕಣ್ಣು ಬೇಕು.